ಮಕ್ಕಳೊಂದಿಗೆ ಹೊರದೇಶಕ್ಕೆ ಹೊರಟವರು ವಾಸದ ಬಡಾವಣೆಯನ್ನು ಆರಿಸುವ ಬಗೆ

ಮೈಸೂರಿನಲ್ಲಿ ಬಾಡಿಗೆ ಮನೆ ಹುಡುಕುವವರು ಕೇಳುವ ಪ್ರಶ್ನೆಗಳು ನಮಗೆಲ್ಲ ಬಾಯಿಪಾಠ. ನೀರು ಕಾವೇರಿಯದೋ ಬೋರ್‌ವೆಲ್ಲಿನದೋ, ಬಾಗಿಲು ಪೂರ್ವಕ್ಕಿದೆಯೋ ದಕ್ಷಿಣಕ್ಕಿದೆಯೋ, ಮಾಲೀಕರು ಮೇಲಿನ ಮಹಡಿಯಲ್ಲೇ ಇರುತ್ತಾರೋ, ಅಡ್ವಾನ್ಸ್ ಎಷ್ಟು, ಭೋಗ್ಯಕ್ಕೆ ಕೊಡುತ್ತಾರೋ. ಬಡಾವಣೆಯ ಬಗ್ಗೆ ಮಾತ್ರ ಯಾರೂ ಹೆಚ್ಚು ಕೇಳುವುದಿಲ್ಲ. ಸರಸ್ವತಿಪುರಂ ಎಂದರೆ ಹೇಗೆ, ಬೋಗಾದಿ ಎಂದರೆ ಹೇಗೆ, ಹೆಬ್ಬಾಳ ಎಂದರೆ ಹೇಗೆ ಎಂಬುದು ಕೇಳದೆಯೇ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಅಲ್ಲೊಬ್ಬ ಚಿಕ್ಕಪ್ಪನೋ ಹಳೆಯ ಸಹಪಾಠಿಯೋ ಇದ್ದೇ ಇರುತ್ತಾನೆ. ಸಂಸಾರ ಸಮೇತ ಹೊರದೇಶಕ್ಕೆ ಹೊರಟಾಗ ಮೊದಲು ಕಳೆದುಹೋಗುವುದು ಹೀಗೆ ಕೇಳದೆಯೇ ಗೊತ್ತಿರುವ ತಿಳಿವಳಿಕೆ. ಅದನ್ನು ಕೆಲವೇ ವಾರಗಳಲ್ಲಿ, ಕಾಗದ ಪೆನ್ನು ಹಿಡಿದು, ಬೀದಿಯಲ್ಲಿ ನಡೆದು ಮರಳಿ ಗಳಿಸಿಕೊಳ್ಳುವುದು ಹೇಗೆ ಎಂಬುದೇ ಈ ಬರಹದ ವಿಷಯ.

ನಾನು ಏಳು ವರ್ಷ ಇಂಗ್ಲೆಂಡಿನಲ್ಲಿದ್ದು ಈಗ ಕುವೆಂಪುನಗರಕ್ಕೆ ಹಿಂದಿರುಗಿದ್ದೇನೆ. ನನ್ನ ತಮ್ಮನ ಸಂಸಾರ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿದೆ. ಆದ್ದರಿಂದ ಇಲ್ಲಿನ ಉದಾಹರಣೆಗಳು ಬಹುಪಾಲು ಆ ಎರಡು ದೇಶಗಳವು. ಬೇರೆ ದೇಶಕ್ಕೆ ಹೊರಟವರಿಗೆ ಕಾನೂನು ಬದಲಾಗುತ್ತದೆ, ಕೇಳಬೇಕಾದ ಪ್ರಶ್ನೆಗಳು ಅಷ್ಟಾಗಿ ಬದಲಾಗುವುದಿಲ್ಲ.

ನಮ್ಮ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಮನೆಯನ್ನು ನಾವು ಮೈಸೂರಿನಲ್ಲಿ ಕುಳಿತು, ಫೋಟೊ ನೋಡಿ, ನಕ್ಷೆಯಲ್ಲಿ ಬೆರಳಿಟ್ಟು ಆರಿಸಿದೆವು. ಯಜಮಾನರ ಆಫೀಸಿಗೆ ಹೋಗುವ ರೈಲು ನಿಲ್ದಾಣ ಆರು ನಿಮಿಷದ ದಾರಿ, ಶಾಲೆ ಒಂದು ಕಿಲೋಮೀಟರಿಗೂ ಕಡಿಮೆ. ಹೋಗಿ ನೋಡಿದರೆ ಮನೆಗೂ ಶಾಲೆಗೂ ನಡುವೆ ಅದೇ ರೈಲುಹಳಿ ಅಡ್ಡ ಬಿದ್ದಿತ್ತು. ದಾಟಲು ಸೇತುವೆಯವರೆಗೆ ಸುತ್ತಿ ಹೋಗಬೇಕಾದ್ದರಿಂದ ಐದು ವರ್ಷದ ಮಗನ ಕಾಲಿಗೆ ಅದು ಮೂವತ್ತೈದು ನಿಮಿಷದ ದಾರಿಯಾಗಿತ್ತು. ಇನ್ನೂ ದೊಡ್ಡ ಪೆಟ್ಟು ಬೇರೆ ಇತ್ತು: ಆ ಶಾಲೆಯಲ್ಲಿ ಸೀಟೇ ಇರಲಿಲ್ಲ. ಸಿಕ್ಕಿದ್ದು ಎರಡು ಮೈಲಿ ಆಚೆಯ ಮತ್ತೊಂದು ಶಾಲೆಯಲ್ಲಿ. ಡಿಸೆಂಬರಿನಲ್ಲಿ ಅಲ್ಲಿ ಬೆಳಕು ಹರಿಯುವುದು ಎಂಟರ ಹೊತ್ತಿಗೆ, ಕತ್ತಲಾಗುವುದು ನಾಲ್ಕಕ್ಕೆ. ಆ ಚಳಿಗಾಲವನ್ನೆಲ್ಲ ನಾನು ಬಸ್ ಸ್ಟಾಪಿನಲ್ಲಿ ಒದ್ದೆ ಕೈಗವಸು ಹಿಂಡುತ್ತ ಕಳೆದೆ. ಸಂಬಳ ತರುವವರ ದಾರಿಯನ್ನು ಅಳೆದಿದ್ದೆವು, ಮಗುವನ್ನು ಕರೆದೊಯ್ಯುವವರ ದಾರಿಯನ್ನು ಅಳೆದಿರಲಿಲ್ಲ. ಕೆಳಗಿನ ಕ್ರಮವೆಲ್ಲ ಆ ಒಂದು ಲೋಪದಿಂದ ಕಲಿತದ್ದು.

ಮೊದಲನೆಯದು: ಮನೆಯ ಒಂದು ಮಂಗಳವಾರವನ್ನು ಬರೆದಿಟ್ಟುಕೊಳ್ಳಿ

ಯಾವ ಊರು, ಯಾವ ಬೀದಿ ಎಂಬ ಮಾತಿಗೆ ಮುಂಚೆ ನಿಮ್ಮ ಸಂಸಾರದ ಒಂದು ಸಾಧಾರಣ ದಿನವನ್ನು ಗಂಟೆ ಗಂಟೆಯಾಗಿ ಬರೆಯಿರಿ. ಭಾನುವಾರವನ್ನಲ್ಲ, ಭಾನುವಾರ ಎಲ್ಲ ಬಡಾವಣೆಗಳೂ ಚೆನ್ನಾಗಿಯೇ ಕಾಣುತ್ತವೆ. ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳು ಸಾಮಾನ್ಯವಾಗಿ ಬೆಳಿಗ್ಗೆ 8.45ರ ಸುಮಾರಿಗೆ ಆರಂಭವಾಗಿ ಮಧ್ಯಾಹ್ನ 3.15ರ ಸುಮಾರಿಗೆ ಬಿಡುತ್ತವೆ, ಮತ್ತು ಚಿಕ್ಕ ಮಕ್ಕಳನ್ನು ದೊಡ್ಡವರೇ ಬಂದು ಕರೆದೊಯ್ಯಬೇಕು. ಸ್ಕೂಲ್ ಆಟೊ ಇಲ್ಲ, ಹೆಸರು ಹಿಡಿದು ಕೂಗುವ ವ್ಯಾನ್ ಅಣ್ಣ ಇಲ್ಲ, ಪಕ್ಕದ ಮನೆಯ ಅಜ್ಜಿಯೂ ಇಲ್ಲ. ಅಂದರೆ ದಿನಕ್ಕೆ ಎರಡು ಬಾರಿ, ವರ್ಷದಲ್ಲಿ ಸುಮಾರು 190 ದಿನ, ಮನೆಯ ಒಬ್ಬರು ಆ ಗೇಟಿನ ಮುಂದೆ ಹೊತ್ತಿಗೆ ಸರಿಯಾಗಿ ನಿಂತಿರಲೇಬೇಕು.

ಅದು ಯಾರು? ಇಬ್ಬರೂ ಕೆಲಸಕ್ಕೆ ಹೋಗುವುದಾದರೆ ಶಾಲೆ ಬಿಟ್ಟ ಮೇಲಿನ ಕ್ಲಬ್ಬು ಆ ಶಾಲೆಯಲ್ಲಿದೆಯೇ, ಎಷ್ಟು ಗಂಟೆಯವರೆಗೆ, ಅದರಲ್ಲಿ ಜಾಗವಿದೆಯೇ? ಡ್ರೈವಿಂಗ್ ಬರುವವರು ಒಬ್ಬರೇ ಆಗಿದ್ದು ಕಾರನ್ನು ಅವರೇ ಆಫೀಸಿಗೆ ಒಯ್ಯುವುದಾದರೆ ಮನೆಯಲ್ಲಿ ಉಳಿದವರು ನಡೆದು ಮುಟ್ಟಬಹುದಾದ್ದು ಏನೇನು? ಈ ಪ್ರಶ್ನೆಗಳಿಗೆ ಉತ್ತರ ಬರೆಯುತ್ತ ಹೋದರೆ ಬೇಕಾದ ಬಡಾವಣೆಯ ಆಕಾರ ತಾನಾಗಿಯೇ ಮೂಡುತ್ತದೆ. ಹಾಲು, ತರಕಾರಿ, ಔಷಧಿ ಅಂಗಡಿ, ಡಾಕ್ಟರು, ಆಟದ ಬಯಲು, ಗ್ರಂಥಾಲಯ ಇವೆಲ್ಲ ಹದಿನೈದು ನಿಮಿಷದ ನಡಿಗೆಯೊಳಗಿದ್ದರೆ, ಡಿಪೆಂಡೆಂಟ್ ವೀಸಾದ ಮೇಲೆ ಹೋದವರ ಮೊದಲ ವರ್ಷ ಮನೆಯೊಳಗೇ ಮುಗಿದುಹೋಗುವುದಿಲ್ಲ. ಆಫೀಸಿಗೆ ಹೋಗುವವರ ಪ್ರಯಾಣ ಇಪ್ಪತ್ತು ನಿಮಿಷ ಹೆಚ್ಚಾದರೂ ತೊಂದರೆಯಿಲ್ಲ ಎಂಬುದು ನನ್ನ ಅಭಿಪ್ರಾಯ. ಅವರಿಗೆ ರೈಲಿನಲ್ಲಿ ಕುಳಿತುಕೊಳ್ಳಲು ಸೀಟಾದರೂ ಸಿಗುತ್ತದೆ.

ಎರಡನೆಯದು: ಮೈಸೂರಿನಲ್ಲಿ ಕುಳಿತು ಮನೆ ಗೊತ್ತು ಮಾಡಬೇಡಿ

ಕಳೆದ ತಿಂಗಳು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮಂಡ್ಯದ ಕಡೆಯ ಒಬ್ಬ ಹುಡುಗ, ಹೆಂಡತಿಯ ಜೊತೆ ಬಂದವನು, ಹೀಗೆ ಕೇಳಿದ: "ಅಕ್ಕಾ, ಆನ್‌ಲೈನ್‌ನಲ್ಲೇ ಒಂದು ಮನೆ ನೋಡಿದೀವಿ, ಎರಡು ತಿಂಗಳ ದುಡ್ಡು ಕಳಿಸಿದ್ರೆ ಬೀಗದಕೈ ಕೊರಿಯರ್‌ನಲ್ಲಿ ಕಳಿಸ್ತಾರಂತೆ. ಕಳಿಸ್‌ಬಿಡ್ಲಾ?" ನಾನು ಹೇಳಿದ್ದು ಒಂದೇ ಮಾತು, "ಬೇಡಪ್ಪ, ಒಂದು ಪೈಸೆಯೂ ಕಳಿಸಬೇಡ." ಮನೆ ತೋರಿಸದೆ ಹಣ ಕೇಳುವುದು, ಸುತ್ತಲಿನ ಬಾಡಿಗೆಗಿಂತ ತೀರ ಕಡಿಮೆ ಬಾಡಿಗೆ ಹೇಳುವುದು, ಮಾಲೀಕರು ತಾವು ಊರಲ್ಲಿಲ್ಲ ಎನ್ನುವುದು, ಇವು ಮೂರೂ ಸೇರಿದರೆ ಅದು ಮೋಸವೇ ಎಂದು ತಿಳಿದು ಬಿಟ್ಟುಬಿಡಬೇಕು. ಇದು ಆ ಬಡಾವಣೆ, ಈ ದೇಶ ಎನ್ನದೆ ಎಲ್ಲೆಡೆ ನಡೆಯುವ ವಂಚನೆ.

ಮೋಸವಿಲ್ಲದಿದ್ದರೂ ಅವಸರ ಸಲ್ಲದು. ಮೊದಲ ನಾಲ್ಕರಿಂದ ಆರು ವಾರಕ್ಕೆ ಕಂಪನಿ ಕೊಡುವ ವಸತಿ, ಇಲ್ಲವೆ ತಿಂಗಳ ಲೆಕ್ಕದಲ್ಲಿ ಸಿಗುವ ಸಜ್ಜಿತ ಮನೆಯನ್ನು ಹಿಡಿಯಿರಿ. ಸಾಧ್ಯವಾದರೆ ಒಬ್ಬರು ಮೊದಲು ಹೋಗಿ, ಮಕ್ಕಳು ಆಮೇಲೆ ಬರಲಿ. ಹಾಗೆ ಹೋದವರು ಮನೆ ಗೊತ್ತು ಮಾಡುವ ಮುಂಚೆ ವಿಡಿಯೊ ಕರೆಯಲ್ಲಿ ಬೀದಿಯನ್ನೂ ತೋರಿಸಬೇಕು, ಅಡುಗೆಮನೆಯನ್ನಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿ ಬಾಡಿಗೆಗೆ ಬರುವವರಿಗೆ ಅಲ್ಲಿ ವಾಸಿಸುವ ಹಕ್ಕಿದೆಯೇ ಎಂದು ಮಾಲೀಕರು ದಾಖಲೆ ಪರಿಶೀಲಿಸಬೇಕೆಂಬ ಕಾನೂನು ಇದೆ. ಆ ಮಾತನ್ನೇ ಎತ್ತದೆ ಹಣದ ಮಾತಿಗೆ ಇಳಿದವರನ್ನು ನಂಬಬೇಡಿ.

ಮೂರನೆಯದು: ಶಾಲೆಯ ನಿಯಮವನ್ನು ಓದಿ, ಶಾಲೆಯ ಹೆಸರನ್ನಲ್ಲ

ಇಡೀ ಕೆಲಸದ ತಿರುಳು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ಮೈಸೂರಿನಲ್ಲಿ ಮನೆ ಜೆ.ಪಿ. ನಗರದಲ್ಲಿದ್ದು ಶಾಲೆ ಜಯಲಕ್ಷ್ಮೀಪುರಂನಲ್ಲಿದ್ದರೆ ಯಾರೂ ಆಕ್ಷೇಪಿಸುವುದಿಲ್ಲ. ಶುಲ್ಕ ಕಟ್ಟಿದರಾಯಿತು, ವ್ಯಾನ್ ಬರುತ್ತದೆ. ಇಂಗ್ಲೆಂಡ್, ಕೆನಡಾ, ಅಮೆರಿಕ, ಆಸ್ಟ್ರೇಲಿಯಾ ಈ ನಾಲ್ಕರಲ್ಲೂ ಸರ್ಕಾರಿ ಶಾಲೆಯ ಸೀಟು ಬಹುಮಟ್ಟಿಗೆ ನಿಮ್ಮ ಮನೆಯ ವಿಳಾಸಕ್ಕೆ ಅಂಟಿಕೊಂಡಿರುತ್ತದೆ. ಸರ್ಕಾರಿ ಶಾಲೆ ಎಂದೊಡನೆ ಮೂಗು ಮುರಿಯುವ ನಮ್ಮ ಅಭ್ಯಾಸವನ್ನು ವಿಮಾನ ಹತ್ತುವ ಮುಂಚೆಯೇ ಬಿಡಬೇಕು. ಅಲ್ಲಿ ಬಹುಪಾಲು ಮಕ್ಕಳು ಓದುವುದು ಅವುಗಳಲ್ಲೇ.

ಇಂಗ್ಲೆಂಡಿನಲ್ಲಿ ಮಗುವಿಗೆ ನಾಲ್ಕು ತುಂಬಿದ ನಂತರದ ಸೆಪ್ಟೆಂಬರಿನಲ್ಲಿ ರಿಸೆಪ್ಷನ್ ಎಂಬ ಮೊದಲ ತರಗತಿ ಶುರುವಾಗುತ್ತದೆ. ಸೆಪ್ಟೆಂಬರ್ 1ರಿಂದ ಆಗಸ್ಟ್ 31ರವರೆಗೆ ಹುಟ್ಟಿದವರೆಲ್ಲ ಒಂದೇ ತರಗತಿ. ಮೈಸೂರಿನಲ್ಲಿ ಯಾವ ಕ್ಲಾಸಿನಲ್ಲಿದ್ದ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಅರ್ಜಿ ಹೋಗುವುದು ಸ್ಥಳೀಯ ಕೌನ್ಸಿಲ್ಲಿಗೆ, ಅಂದರೆ ನಮ್ಮ ನಗರಪಾಲಿಕೆಯಂಥ ಸ್ಥಳೀಯ ಆಡಳಿತಕ್ಕೆ. ಪ್ರಾಥಮಿಕಕ್ಕೆ ಕೊನೆಯ ದಿನ ಜನವರಿ 15, ಪ್ರೌಢಶಾಲೆಗೆ ಅದರ ಹಿಂದಿನ ಅಕ್ಟೋಬರ್ 31. ನಮ್ಮಂಥವರು ಬಹಳಷ್ಟು ಜನ ವರ್ಷದ ನಡುವೆ ಹೋಗಿ ಇಳಿಯುವುದರಿಂದ ನಮಗೆ ಸಲ್ಲುವುದು ನಡುವರ್ಷದ ಪ್ರವೇಶ. ಅರ್ಜಿ ಕೊಟ್ಟ 15 ಶಾಲಾ ದಿನಗಳೊಳಗೆ ಉತ್ತರ ಬರಬೇಕೆಂದು ನಿಯಮವಿದೆ. ಸೀಟು ಇಲ್ಲವೆಂದರೆ ಮೇಲ್ಮನವಿಗೂ ಅವಕಾಶವಿದೆ.

ಸೀಟಿಗಿಂತ ಅರ್ಜಿಗಳು ಹೆಚ್ಚಾದಾಗ ಯಾರಿಗೆ ಮೊದಲು ಎಂಬುದನ್ನು ಪ್ರತಿ ಶಾಲೆಯೂ ಪ್ರಕಟಿಸಿರುತ್ತದೆ. ಸರ್ಕಾರದ ಪಾಲನೆಯಲ್ಲಿರುವ ಮಕ್ಕಳು, ಅಣ್ಣನೋ ಅಕ್ಕನೋ ಅಲ್ಲೇ ಓದುತ್ತಿರುವವರು, ಆಮೇಲೆ ಶಾಲೆಗೆ ಮನೆ ಹತ್ತಿರವಿರುವವರು, ಇದು ಸಾಮಾನ್ಯ ಕ್ರಮ. ಚರ್ಚಿನ ಆಶ್ರಯದ ಕೆಲವು ಶಾಲೆಗಳು ಧರ್ಮಾಚರಣೆಯನ್ನೂ ನೋಡುತ್ತವೆ. ಇಲ್ಲಿ ಕೌನ್ಸಿಲ್ಲುಗಳು ಪ್ರಕಟಿಸುವ ಒಂದು ಅಂಕಿಯನ್ನು ತಪ್ಪದೆ ಹುಡುಕಿ: ಕಳೆದ ವರ್ಷ ಕೊನೆಯದಾಗಿ ಸೀಟು ಸಿಕ್ಕ ಮಗುವಿನ ಮನೆ ಶಾಲೆಯಿಂದ ಎಷ್ಟು ದೂರವಿತ್ತು ಎಂಬುದು. ಬೇಡಿಕೆಯಿರುವ ಶಾಲೆಗಳಲ್ಲಿ ಅದು ಅರ್ಧ ಮೈಲಿಗೂ ಕಡಿಮೆ ಇರುವುದುಂಟು. ಬಾಡಿಗೆ ಜಾಹೀರಾತಿನಲ್ಲಿ "ಉತ್ತಮ ಶಾಲೆಗಳ ಹತ್ತಿರ" ಎಂದು ಬರೆದಿರುತ್ತಾರೆ. ಹತ್ತಿರವಿರುವುದು ಬೇರೆ, ಸೀಟು ಸಿಗುವಷ್ಟು ಹತ್ತಿರವಿರುವುದು ಬೇರೆ.

ಕಾಯುವ ಪಟ್ಟಿಯ ವಿಷಯವೂ ನಮ್ಮ ಲೆಕ್ಕಾಚಾರಕ್ಕೆ ಉಲ್ಟಾ. ಬೆಳಗಿನ ಜಾವ ಎದ್ದು ಹೋಗಿ ಸಾಲಿನಲ್ಲಿ ಮೊದಲು ನಿಂತು ಅರ್ಜಿ ತಂದ ಅನುಭವ ನಮ್ಮ ಎಷ್ಟೋ ತಂದೆತಾಯಿಗಳಿಗಿದೆ. ಇಂಗ್ಲೆಂಡಿನ ಪ್ರವೇಶ ನಿಯಮದಲ್ಲಿ ಮೊದಲು ಬಂದವರಿಗೆ ಮೊದಲು ಎಂಬುದೇ ಇಲ್ಲ. ಹೊಸ ಹೆಸರು ಸೇರಿದಾಗಲೆಲ್ಲ ಪಟ್ಟಿಯನ್ನು ಅದೇ ಆದ್ಯತೆಯ ಪ್ರಕಾರ ಮತ್ತೆ ಜೋಡಿಸುತ್ತಾರೆ. ನೀವು ಮೂರನೆಯವರಾಗಿದ್ದವರು ಮರುವಾರ ಐದನೆಯವರಾಗಬಹುದು. ಜೊತೆಗೆ ಮೊದಲ ಮೂರು ತರಗತಿಗಳಲ್ಲಿ ಒಬ್ಬ ಶಿಕ್ಷಕರಿಗೆ 30 ಮಕ್ಕಳೆಂಬ ಮಿತಿ ಕಾನೂನಿನಲ್ಲೇ ಇರುವುದರಿಂದ "ಒಂದು ಸೀಟು ಹೇಗಾದರೂ ಅಡ್ಜಸ್ಟ್ ಮಾಡಿ ಸಾರ್" ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಬುದ್ಧಿವಂತಿಕೆಯ ದಾರಿ ಇದು: ತಾತ್ಕಾಲಿಕ ವಸತಿಯಲ್ಲಿರುವಾಗಲೇ ನಾಲ್ಕೈದು ಬಡಾವಣೆಗಳ ಕೌನ್ಸಿಲ್ಲುಗಳಿಗೆ ಫೋನ್ ಮಾಡಿ, ನಿಮ್ಮ ಮಗುವಿನ ತರಗತಿಗೆ ಯಾವ ಶಾಲೆಯಲ್ಲಿ ಈಗ ಖಾಲಿ ಸೀಟಿದೆ ಎಂದು ಕೇಳಿ, ಆ ಶಾಲೆಗೆ ಹೋಗಿ ನೋಡಿ, ಇಷ್ಟವಾದರೆ ಅದರ ಸುತ್ತ ಮನೆ ಹುಡುಕುವುದು. ಎರಡನೆಯ ಮನೆಯನ್ನು ನಾವು ಹಿಡಿದದ್ದು ಹಾಗೆ.

ಶಾಲೆಯ ಗುಣಮಟ್ಟಕ್ಕೆ ಆಫ್‌ಸ್ಟೆಡ್ ಎಂಬ ಸರ್ಕಾರಿ ತನಿಖಾ ಸಂಸ್ಥೆಯ ವರದಿಗಳು ಸಿಗುತ್ತವೆ. ಇಡೀ ಶಾಲೆಗೆ ಒಂದೇ ಪದದ ಶ್ರೇಣಿ ಕೊಡುವ ಪದ್ಧತಿಯನ್ನು 2024ರ ಸೆಪ್ಟೆಂಬರಿನಲ್ಲಿ ಕೈಬಿಟ್ಟರು. "ಔಟ್‌ಸ್ಟ್ಯಾಂಡಿಂಗ್ ಶಾಲೆ" ಎಂದು ಈಗಲೂ ಹೇಳುವವರು ಹಳೆಯ ವರದಿಯ ಮಾತಾಡುತ್ತಿರುತ್ತಾರೆ. ವರದಿಯ ತಾರೀಕು ನೋಡಿ, ಇಂಗ್ಲಿಷ್ ಮನೆಮಾತಲ್ಲದ ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬ ಭಾಗವನ್ನು ಓದಿ. ಮಗು ಹತ್ತು ವರ್ಷದ ಆಸುಪಾಸಿನಲ್ಲಿದ್ದರೆ ಇನ್ನೊಂದು ವಿಷಯ: ಕೆಂಟ್, ಬಕಿಂಗ್‌ಹ್ಯಾಮ್‌ಶೈರ್‌ನಂಥ ಕೆಲವೇ ಪ್ರದೇಶಗಳಲ್ಲಿ ಪ್ರವೇಶ ಪರೀಕ್ಷೆಯ ಗ್ರಾಮರ್ ಶಾಲೆಗಳಿವೆ. ನಮ್ಮವರು ಅವುಗಳ ಹಿಂದೆ ಬೀಳುವುದು ಸಹಜವೇ. ಆದರೆ ಹೊಸ ದೇಶಕ್ಕೆ ಬಂದು ಆರು ತಿಂಗಳಾಗದ ಮಗುವನ್ನು ಟ್ಯೂಷನ್ನಿಗೆ ತಳ್ಳುವ ಸಲುವಾಗಿ ಬಡಾವಣೆ ಆರಿಸುವುದು ನನಗೆ ಸರಿಯೆನಿಸಲಿಲ್ಲ.

ಒಂಟಾರಿಯೊದಲ್ಲಿ ಕ್ರಮ ಸರಳ: ನಾಲ್ಕು ತುಂಬುವ ವರ್ಷದ ಸೆಪ್ಟೆಂಬರಿನಲ್ಲೇ ಜೂನಿಯರ್ ಕಿಂಡರ್‌ಗಾರ್ಟನ್, ವಿಳಾಸ ಹಾಕಿದರೆ ಶಾಲಾ ಮಂಡಳಿಯ ತಾಣ ನಿಮ್ಮ ಶಾಲೆ ಯಾವುದೆಂದು ಹೇಳುತ್ತದೆ. ಆದರೆ ಹೊಸದಾಗಿ ಎದ್ದ ಬಡಾವಣೆಗಳ ಬಗ್ಗೆ ಎಚ್ಚರವಿರಲಿ. ಸ್ಥಳೀಯ ಶಾಲೆ ಭರ್ತಿಯಾಗಿರುವುದರಿಂದ ಇಲ್ಲಿನ ಮಕ್ಕಳನ್ನು ಬೇರೆಡೆಗೆ ಕಳುಹಿಸಬೇಕಾಗಬಹುದು ಎಂದು ಶಾಲಾ ಮಂಡಳಿಯವರು ಕಟ್ಟಡದ ಮುಂದೆಯೇ ಫಲಕ ನೆಟ್ಟಿರುತ್ತಾರೆ. ನನ್ನ ತಮ್ಮ ಆ ಫಲಕದ ಮುಂದೆ ಕಾರು ನಿಲ್ಲಿಸಿ ಮನೆ ನೋಡಲು ಹೋಗಿದ್ದನಂತೆ, ಓದಿರಲಿಲ್ಲ.

ನಾಲ್ಕನೆಯದು: ಬಾಡಿಗೆಯ ಹಿಂದಿನ ಖರ್ಚು

ಮೈಸೂರಿನಲ್ಲಿ ಅಡ್ವಾನ್ಸು ದೊಡ್ಡದು, ತಿಂಗಳ ಖರ್ಚು ಚಿಕ್ಕದು. ಇಂಗ್ಲೆಂಡಿನಲ್ಲಿ ಇದು ತಿರುಗುಮುರುಗು. ವಾರ್ಷಿಕ ಬಾಡಿಗೆ 50,000 ಪೌಂಡಿಗಿಂತ ಕಡಿಮೆಯಿದ್ದರೆ ಠೇವಣಿ ಐದು ವಾರದ ಬಾಡಿಗೆಯನ್ನು ಮೀರುವಂತಿಲ್ಲ. ಅದನ್ನು 30 ದಿನದೊಳಗೆ ಸರ್ಕಾರದ ಮನ್ನಣೆಯಿರುವ ಠೇವಣಿ ರಕ್ಷಣಾ ಯೋಜನೆಯಲ್ಲಿ ಇಡಬೇಕು. ಲೆಕ್ಕ ಹಾಕೋಣ: ತಿಂಗಳಿಗೆ 1,500 ಪೌಂಡ್ ಬಾಡಿಗೆಯೆಂದರೆ ವರ್ಷಕ್ಕೆ 18,000, ವಾರಕ್ಕೆ 346, ಐದು ವಾರಕ್ಕೆ 1,730. ಮೊದಲ ತಿಂಗಳ ಬಾಡಿಗೆ ಸೇರಿ ಬೀಗದಕೈ ಪಡೆಯುವ ದಿನ 3,230 ಪೌಂಡ್ ಕೈಯಲ್ಲಿರಬೇಕು. ಅಲ್ಲಿನ ಸಾಲದ ಚರಿತ್ರೆಯಿಲ್ಲದ ಹೊಸಬರಿಂದ ಆರು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಕೇಳುವ ರೂಢಿ ಬಹಳ ಕಾಲ ಇತ್ತು. 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಅದಕ್ಕೆ ಒಂದು ತಿಂಗಳ ಮಿತಿ ಹಾಕಿತು. ಒಂಟಾರಿಯೊದಲ್ಲಿ ಕೊನೆಯ ತಿಂಗಳ ಬಾಡಿಗೆಯನ್ನು ಮಾತ್ರ ಮುಂಗಡವಾಗಿ ಪಡೆಯಬಹುದು, ಹಾನಿಯ ಹೆಸರಿನಲ್ಲಿ ಠೇವಣಿ ಕೇಳುವಂತಿಲ್ಲ. ಅಲ್ಲಿ 2018ರ ನವೆಂಬರ್ 15ರ ನಂತರ ಮೊದಲ ಬಾರಿಗೆ ವಾಸಕ್ಕೆ ಬಳಕೆಯಾದ ಮನೆಗಳಿಗೆ ವಾರ್ಷಿಕ ಬಾಡಿಗೆ ಏರಿಕೆಯ ಮಿತಿ ಅನ್ವಯಿಸುವುದಿಲ್ಲ. ಹೊಳೆಯುವ ಹೊಸ ಅಪಾರ್ಟ್‌ಮೆಂಟಿಗೆ ಮನಸೋಲುವ ಮುನ್ನ ಇದು ನೆನಪಿರಲಿ.

ಇಂಗ್ಲೆಂಡಿನಲ್ಲಿ ಬಾಡಿಗೆಯಲ್ಲದೆ ಕೌನ್ಸಿಲ್ ಟ್ಯಾಕ್ಸ್ ಎಂಬ ಸ್ಥಳೀಯ ತೆರಿಗೆ ಬೇರೆ, ಸಾಮಾನ್ಯವಾಗಿ ಬಾಡಿಗೆದಾರರೇ ಕಟ್ಟಬೇಕು. ಮನೆಯ 1991ರ ಬೆಲೆಯ ಆಧಾರದ ಮೇಲೆ ಎ ಯಿಂದ ಎಚ್ ವರೆಗೆ ಎಂಟು ಶ್ರೇಣಿಗಳಿವೆ. ಪಕ್ಕಪಕ್ಕದ ಎರಡು ಕೌನ್ಸಿಲ್ಲುಗಳಲ್ಲಿ ಒಂದೇ ಶ್ರೇಣಿಗೆ ಬೇರೆ ಬೇರೆ ಮೊತ್ತವಿರುತ್ತದೆ. ಮನೆಯ ಶಾಖ ದಕ್ಷತೆಯ ಪ್ರಮಾಣಪತ್ರವನ್ನೂ ಕೇಳಿ: ಎ ಅತ್ಯುತ್ತಮ, ಜಿ ಕನಿಷ್ಠ, ಬಾಡಿಗೆಗೆ ಕೊಡಲು ಕನಿಷ್ಠ ಇ ಇರಬೇಕು. ಸಿ ಶ್ರೇಣಿಯ ಮನೆಗೂ ಇ ಶ್ರೇಣಿಯ ಮನೆಗೂ ಇರುವ ವ್ಯತ್ಯಾಸ ಜನವರಿಯ ಗ್ಯಾಸ್ ಬಿಲ್ಲಿನಲ್ಲಿ ಕಾಣುತ್ತದೆ. ಜರ್ಮನಿಗೆ ಹೊರಟವರು ಇನ್ನೊಂದನ್ನು ಕೇಳಬೇಕು, ಅಡುಗೆಮನೆ ಇದೆಯೇ ಎಂದು. ತಮಾಷೆಯಲ್ಲ, ಅಲ್ಲಿ ಎಷ್ಟೋ ಮನೆಗಳನ್ನು ಒಲೆ, ಸಿಂಕು, ಕಪಾಟು ಏನೂ ಇಲ್ಲದೆ ಬಾಡಿಗೆಗೆ ಕೊಡುತ್ತಾರೆ.

ಐದನೆಯದು: ಸುರಕ್ಷತೆಯ ನಕ್ಷೆಯನ್ನು ಓದುವ ರೀತಿ

ಕುವೆಂಪುನಗರಕ್ಕೆಲ್ಲ 570023 ಎಂಬ ಒಂದೇ ಪಿನ್‌ಕೋಡ್ ಸಾಕು. ಬ್ರಿಟನ್ನಿನ ಒಂದು ಪೋಸ್ಟ್‌ಕೋಡ್ ಸರಾಸರಿ ಹದಿನೈದು ವಿಳಾಸಗಳನ್ನಷ್ಟೇ ಒಳಗೊಳ್ಳುತ್ತದೆ. ಆದ್ದರಿಂದ ಅದೊಂದನ್ನು ಹಿಡಿದು ಬೀದಿಮಟ್ಟದ ವಿವರ ಪಡೆಯಬಹುದು: ಪೊಲೀಸರ ಅಧಿಕೃತ ತಾಣದಲ್ಲಿ ತಿಂಗಳವಾರು ಅಪರಾಧಗಳ ನಕ್ಷೆ, ಸರ್ಕಾರದ ತಾಣದಲ್ಲಿ ಪ್ರವಾಹದ ಅಪಾಯ. ನಕ್ಷೆಯಲ್ಲಿ ಊರಿನ ನಡುವಣ ಅಂಗಡಿ ಬೀದಿಗಳು ಯಾವಾಗಲೂ ಕೆಂಪಾಗಿಯೇ ಕಾಣುತ್ತವೆ, ಅಂಗಡಿಗಳ್ಳತನ ಅಲ್ಲಿ ನಡೆಯುವುದರಿಂದ. ಅದನ್ನು ನೋಡಿ ಸುತ್ತಲಿನ ಬೀದಿಗಳನ್ನೂ ಕೈಬಿಟ್ಟರೆ, ದೇವರಾಜ ಮಾರುಕಟ್ಟೆಯ ಜೇಬುಗಳ್ಳತನವನ್ನು ಲೆಕ್ಕ ಹಿಡಿದು ಅಗ್ರಹಾರದಲ್ಲಿ ವಾಸಿಸಬಾರದು ಎಂದಂತಾಗುತ್ತದೆ. ಒಂದು ತಿಂಗಳದ್ದಲ್ಲ, ಹನ್ನೆರಡು ತಿಂಗಳದ್ದನ್ನು ನೋಡಿ. ಮನೆ ಕಳವು ಮತ್ತು ಬೀದಿ ಹಿಂಸೆ, ಇವೆರಡನ್ನು ಪ್ರತ್ಯೇಕಿಸಿ ಓದಿ.

ಒಡವೆಯ ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ದಕ್ಷಿಣ ಏಷ್ಯಾದವರ ಮನೆಗಳಲ್ಲಿ ಚಿನ್ನವಿರುತ್ತದೆ ಎಂಬುದು ಅಲ್ಲಿನ ಕಳ್ಳರಿಗೂ ಗೊತ್ತು. ದೀಪಾವಳಿಯ ಹೊತ್ತಿಗೆ ಅಲ್ಲಿನ ಪೊಲೀಸರು ಎಚ್ಚರಿಕೆ ಹೊರಡಿಸುವುದುಂಟು. ತಾಳಿ, ಎರಡು ಬಳೆ, ಒಂದು ಜೊತೆ ಓಲೆ ಸಾಕು. ಉಳಿದದ್ದು ಮೈಸೂರಿನ ಬ್ಯಾಂಕ್ ಲಾಕರಿನಲ್ಲೇ ಇರಲಿ.

ಆರನೆಯದು: ಮೂರು ಹೊತ್ತು ನಡೆದು ನೋಡಿ

ಪಟ್ಟಿ ಎರಡು ಮೂರು ಬಡಾವಣೆಗೆ ಇಳಿದ ಮೇಲೆ ಪ್ರತಿಯೊಂದಕ್ಕೂ ಮೂರು ಬಾರಿ ಹೋಗಬೇಕು, ಕಾರಿನಲ್ಲಲ್ಲ, ಕಾಲ್ನಡಿಗೆಯಲ್ಲಿ. ಮಗುವಿದ್ದರೆ ಮಗುವನ್ನು ಕರೆದುಕೊಂಡೇ ಹೋಗಿ, ಅದರ ಕಾಲಿನ ವೇಗವೇ ನಿಮ್ಮ ಗಡಿಯಾರ.

ಬೆಳಿಗ್ಗೆ ಎಂಟೂವರೆಗೆ ಹೋದರೆ ಶಾಲೆಗೆ ಹೋಗುವವರು ಕಾಣುತ್ತಾರೆ. ಕೂಸಿನ ತಳ್ಳುಗಾಡಿ ಹಿಡಿದ ತಾಯಂದಿರು, ಸ್ಕೂಟರ್ ಮೇಲೆ ಒಂಟಿಕಾಲಲ್ಲಿ ಓಡುವ ಮಕ್ಕಳು, ರಸ್ತೆ ದಾಟಿಸಲು ಹಳದಿ ಕೋಟು ತೊಟ್ಟು ಫಲಕ ಹಿಡಿದು ನಿಂತ ಹಿರಿಯರೊಬ್ಬರು, ಇವೆಲ್ಲ ಇದ್ದರೆ ಅದು ಮಕ್ಕಳಿರುವ ಬೀದಿ. ಎಲ್ಲರೂ ಕಾರಿನಲ್ಲೇ ಬಂದು ಇಳಿಸಿ ಹೋಗುತ್ತಿದ್ದರೆ ಏಕೆಂದು ವಿಚಾರಿಸಬೇಕು. ಮಧ್ಯಾಹ್ನ ಮೂರೂವರೆಗೆ ಪಾರ್ಕಿನಲ್ಲಿ ಕುಳಿತುಕೊಳ್ಳಿ. ಉಯ್ಯಾಲೆಯ ಸರಪಳಿ ನೆಟ್ಟಗಿದೆಯೇ, ಬೆಂಚಿನ ಕೆಳಗೆ ಒಡೆದ ಬಾಟಲಿಗಳಿವೆಯೇ, ನಿಮ್ಮನ್ನು ನೋಡಿ ಯಾರಾದರೂ ನಗುತ್ತಾರೆಯೇ. ಅಲ್ಲಿ ಮಗುವಿನ ಜೊತೆ ಕುಳಿತ ಯಾರನ್ನಾದರೂ "ನಾವು ಈ ಬೀದಿಗೆ ಬರಬೇಕೆಂದಿದ್ದೇವೆ, ಹೇಗಿದೆ?" ಎಂದು ಕೇಳಿದರೆ, ಏಜೆಂಟರು ಒಂದು ತಿಂಗಳಲ್ಲಿ ಹೇಳದ್ದನ್ನು ಐದು ನಿಮಿಷದಲ್ಲಿ ಹೇಳುತ್ತಾರೆ. ನಮ್ಮ ಎರಡನೆಯ ಮನೆಯ ಎದುರಿನ ಪಾರ್ಕಿನಲ್ಲಿ ಒಬ್ಬ ವಯಸ್ಸಾದ ಹೆಂಗಸು, ನಾಯಿಯ ಹಗ್ಗ ಹಿಡಿದವರು, ಬೀದಿಯ ತುದಿಯ ನಾಲ್ಕು ಮನೆಗಳಿಗೆ ಮಳೆಗಾಲದಲ್ಲಿ ಚರಂಡಿ ನೀರು ನುಗ್ಗುತ್ತದೆ ಎಂದು ಹೇಳಿದರು. ನಾವು ನೋಡಿದ್ದು ಆ ನಾಲ್ಕರಲ್ಲಿ ಒಂದನ್ನು. ಅದನ್ನು ಬಿಟ್ಟು ಅದೇ ಬೀದಿಯ ಮೇಲ್ಭಾಗದಲ್ಲಿ ಇನ್ನೊಂದನ್ನು ಹಿಡಿದೆವು.

ಮೂರನೆಯ ಭೇಟಿ ಶುಕ್ರವಾರ ರಾತ್ರಿ ಒಂಬತ್ತಕ್ಕೆ. ಪಬ್ಬು ಹತ್ತಿರವಿದ್ದರೆ ಸದ್ದು ಎಷ್ಟು, ಬೀದಿದೀಪ ಉರಿಯುತ್ತದೆಯೇ, ಕೊನೆಯ ಬಸ್ಸಿನಿಂದ ಒಬ್ಬ ಹೆಂಗಸು ಇಳಿದು ನಡೆದು ಬರಬಹುದೇ ಎಂಬುದು ಆಗ ತಿಳಿಯುತ್ತದೆ. ಕೆನಡಾದಲ್ಲಾದರೆ ಹಿಮ ಬಿದ್ದ ಮರುದಿನ ಪಾದಚಾರಿ ದಾರಿಯನ್ನು ಗುಡಿಸಿದ್ದಾರೆಯೇ ಎಂದು ನೋಡಿ. ಇಲ್ಲದಿದ್ದರೆ ತಳ್ಳುಗಾಡಿ ನಾಲ್ಕು ತಿಂಗಳು ಮನೆಯೊಳಗೇ ಉಳಿಯುತ್ತದೆ.

ಏಳನೆಯದು: ನಮ್ಮವರು ಎಷ್ಟು ಹತ್ತಿರ

ರಾಗಿಹಿಟ್ಟು, ತೊಗರಿಬೇಳೆ, ಸೋನಾಮಸೂರಿ ಎಲ್ಲಿ ಸಿಗುತ್ತದೆ ಎಂಬುದು ಮಂಡ್ಯದವರಿಗೆ ಹಗುರವಾದ ಪ್ರಶ್ನೆಯಲ್ಲ, ನನಗೆ ಗೊತ್ತು. ಲಂಡನ್ನಿನ ಈಸ್ಟ್‌ಹ್ಯಾಮ್, ವೆಂಬ್ಲಿ, ಹ್ಯಾರೊ, ಸೌತಾಲ್, ಹೊರಗೆ ಲೆಸ್ಟರ್, ಕೆನಡಾದ ಬ್ರಾಂಪ್ಟನ್, ಮಿಸ್ಸಿಸಾಗ ಇಂಥ ಕಡೆ ಭಾರತೀಯ ಅಂಗಡಿಗಳೂ ದೇವಸ್ಥಾನಗಳೂ ಹೇರಳ. ಆದರೂ ಅಂಗಡಿ ವಾರಕ್ಕೊಮ್ಮೆ, ಶಾಲೆ ದಿನಕ್ಕೆರಡು ಸಲ. ಬಡಾವಣೆ ಆರಿಸುವಾಗ ಅದೇ ಪ್ರಮಾಣದಲ್ಲಿ ತೂಕ ಕೊಡಿ. ನಮ್ಮವರು ಒಬ್ಬರೂ ಇಲ್ಲದ ಕಡೆ ಮೊದಲ ಜ್ವರ ಬಂದ ರಾತ್ರಿ ಅಳು ಬರುತ್ತದೆ. ನಮ್ಮವರೇ ತುಂಬಿರುವ ಕಡೆ ಮೈಸೂರಿನ ಮೂರನೇ ಕ್ರಾಸಿನ ಮಾತುಕತೆಯೆಲ್ಲ ಕೋಟು ತೊಟ್ಟು ಬಾಗಿಲಿಗೆ ಬರುತ್ತದೆ. ಅರ್ಧ ಗಂಟೆಯ ಬಸ್ಸಿನ ದೂರ ಒಳ್ಳೆಯದು ಎಂಬುದು ನನ್ನ ಅನುಭವ. ಕನ್ನಡ ಬಳಗ ಯುಕೆ, ಕನ್ನಡ ಸಂಘ ಟೊರಾಂಟೊದಂಥ ಸಂಘಗಳನ್ನು ಹೊರಡುವ ಮುಂಚೆಯೇ ಸಂಪರ್ಕಿಸಿದರೆ, ನೀವು ನೋಡಿರುವ ಬೀದಿಯ ಬಗ್ಗೆ ಹೇಳಬಲ್ಲವರು ಯಾರಾದರೂ ಸಿಗುತ್ತಾರೆ.

ಎಂಟನೆಯದು: ಬಾಗಿಲು ತೆರೆದ ಮೇಲೆ

ವಾಸ್ತುವಿನ ಮಾತು ಬರುವುದು ಇಲ್ಲಿಯೇ. ಮೈಸೂರಿನಲ್ಲಿ ದಕ್ಷಿಣದ ಬಾಗಿಲೆಂದರೆ ಬಾಡಿಗೆ ಇಳಿಯುತ್ತದೆ. ಲಂಡನ್ ಇರುವುದು 51 ಡಿಗ್ರಿ ಉತ್ತರ ಅಕ್ಷಾಂಶದಾಚೆ. ಚಳಿಗಾಲದ ಸೂರ್ಯ ದಕ್ಷಿಣದ ದಿಗಂತಕ್ಕೆ ಒರಗಿಕೊಂಡೇ ಸಾಗುತ್ತಾನೆ. ದಕ್ಷಿಣಕ್ಕೆ ಮುಖ ಮಾಡಿದ ಕೋಣೆಗೆ, ಹಿತ್ತಿಲಿಗೆ ಅಲ್ಲಿ ಜನ ಹೆಚ್ಚು ಹಣ ಕೊಡುತ್ತಾರೆ. ನಮ್ಮತ್ತೆಯವರಿಗೆ ಇದನ್ನು ಒಪ್ಪಿಸಲು ನನಗೆ ಎರಡು ವರ್ಷ ಹಿಡಿಯಿತು. ಫೆಬ್ರವರಿಯಲ್ಲಿ ಅವರೇ ಬಂದು ದಕ್ಷಿಣದ ಕಿಟಕಿಯ ಬಿಸಿಲಿಗೆ ಕುರ್ಚಿ ಎಳೆದುಕೊಂಡು ಕುಳಿತ ಮೇಲೆ ಆ ಮಾತು ನಿಂತಿತು.

ಹಿರಿಯರು ಬಂದು ತಿಂಗಳುಗಟ್ಟಲೆ ಇರುವುದಾದರೆ ಮೆಟ್ಟಿಲು ನೋಡಿ. ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಸ್ನಾನದ ಮನೆ, ಶೌಚಾಲಯ ಎರಡೂ ಮೇಲಿನ ಮಹಡಿಯಲ್ಲಿರುತ್ತವೆ, ಮೆಟ್ಟಿಲು ಕಿರಿದು, ಕಡಿದು. ಮಂಡಿನೋವಿನವರಿಗೆ ಕೆಳಗೆ ಒಂದು ಶೌಚಾಲಯವಿಲ್ಲದ ಮನೆ ಸೆರೆಮನೆಯಾಗುತ್ತದೆ. ಗೋಡೆಯ ಮೂಲೆಗಳಲ್ಲಿ, ಕಿಟಕಿಯ ಚೌಕಟ್ಟಿನಲ್ಲಿ, ಕಪಾಟಿನ ಹಿಂಬದಿಯಲ್ಲಿ ಕಪ್ಪು ಬೂಷ್ಟಿದೆಯೇ ಎಂದು ಮೂಗಿಟ್ಟು ನೋಡಿ. ಹೊಸದಾಗಿ ಬಣ್ಣ ಬಳಿದ ಒಂದೇ ಒಂದು ಮೂಲೆ ಕಂಡರೆ ಅನುಮಾನಿಸಿ. ನಮ್ಮ ಅಡುಗೆಯ ಹಬೆ, ಒಗ್ಗರಣೆಯ ಹೊಗೆ, ಒಳಗೇ ಒಣಗುವ ಬಟ್ಟೆ ಇವೆಲ್ಲ ಸೇರಿದರೆ ಬೂಷ್ಟು ಬೇಗ ಹಬ್ಬುತ್ತದೆ. ಅಡುಗೆಮನೆಗೆ ತೆರೆಯುವ ಕಿಟಕಿ ಇಲ್ಲವೆ ಹೊರಗೆ ಗಾಳಿ ತಳ್ಳುವ ಫ್ಯಾನು ಇರಲೇಬೇಕು. ಕೆನಡಾದಲ್ಲಿ ನೆಲಮಾಳಿಗೆಯ ಮನೆಗಳು ಅಗ್ಗವೆಂದು ನಮ್ಮವರು ಹಿಡಿಯುತ್ತಾರೆ. ಅದು ನಗರಾಡಳಿತದಲ್ಲಿ ಬಾಡಿಗೆ ಘಟಕವಾಗಿ ನೋಂದಾಯಿತವೇ, ಬೆಂಕಿ ಬಿದ್ದರೆ ಹೊರಬರಲು ಪ್ರತ್ಯೇಕ ದಾರಿಯೋ ಸಾಕಷ್ಟು ದೊಡ್ಡ ಕಿಟಕಿಯೋ ಇದೆಯೇ ಎಂದು ನೋಡದೆ ಮಕ್ಕಳನ್ನು ಅಲ್ಲಿ ಮಲಗಿಸಬೇಡಿ.

ಒಂಬತ್ತನೆಯದು: ಕರಾರಿನ ದಿನ

ಕರಾರಿಗೆ ಸಹಿ ಹಾಕುವ ಮೊದಲು ಶಾಲೆಗೆ ಇನ್ನೊಮ್ಮೆ ಫೋನ್ ಮಾಡಿ, ಸೀಟು ಇನ್ನೂ ಇದೆಯೇ ಎಂದು ಕೇಳಿ. ಅದೇ ವಾರದಲ್ಲಿ ಹೋಗಿರುವುದುಂಟು. ಹತ್ತಿರದ ಡಾಕ್ಟರ ಕ್ಲಿನಿಕ್ಕು ಆ ಪೋಸ್ಟ್‌ಕೋಡಿನಿಂದ ಹೊಸಬರನ್ನು ನೋಂದಾಯಿಸಿಕೊಳ್ಳುತ್ತಿದೆಯೇ ಎಂದೂ ಕೇಳಿ. ಒಂಟಾರಿಯೊದಲ್ಲಿ 2018ರ ಏಪ್ರಿಲ್ 30ರಿಂದ ಬಹುತೇಕ ಎಲ್ಲ ಬಾಡಿಗೆ ಕರಾರುಗಳಿಗೂ ಸರ್ಕಾರ ನಿಗದಿಪಡಿಸಿದ ನಮೂನೆ ಕಡ್ಡಾಯ. ಮಾಲೀಕರು ತಾವೇ ಬರೆದ ಹಾಳೆ ಕೊಟ್ಟರೆ ಆ ನಮೂನೆಯನ್ನೇ ಕೇಳಿ ಪಡೆಯಿರಿ.

ಬೀಗದಕೈ ಕೈಗೆ ಬಂದ ದಿನ ಸಾಮಾನು ಇಳಿಸುವ ಮೊದಲು ಖಾಲಿ ಮನೆಯ ಪ್ರತಿ ಗೋಡೆ, ಕಾರ್ಪೆಟ್ಟಿನ ಪ್ರತಿ ಕಲೆ, ಒಲೆ, ಸಿಂಕು, ಗ್ಯಾಸು ಮತ್ತು ಕರೆಂಟಿನ ಮೀಟರುಗಳ ಅಂಕಿ, ಎಲ್ಲವನ್ನೂ ಫೋಟೊ ತೆಗೆದು ಅಂದೇ ಏಜೆಂಟರಿಗೆ ಇಮೇಲ್ ಮಾಡಿ. ನಮ್ಮ ಮೊದಲ ಮನೆ ಬಿಡುವಾಗ ಹಾಲ್ ಕಾರ್ಪೆಟ್ಟಿನ ಅರಿಸಿನದ ಕಲೆಗೆಂದು ಠೇವಣಿಯಲ್ಲಿ ಕಡಿತ ಕೇಳಿದರು. ಆ ಕಲೆ ನಮಗಿಂತ ಮುಂಚಿನದು. ಒಳಗೆ ಕಾಲಿಟ್ಟ ದಿನವೇ ತೆಗೆದ ಫೋಟೊ ಇದ್ದದ್ದರಿಂದ ಪೂರ್ತಿ ಹಣ ಹಿಂದಿರುಗಿತು.